ನಾನೂ ನೋಡದ ನನ್ನ ಮೇಲ್

ನನ್ನ ಚಿಂತೆಗೂ ಒಂದು ವೇಳಾಪಟ್ಟಿ ಇತ್ತು. ಬೆಳಿಗ್ಗೆ ಏಳೂವರೆಗೆ ರಾಯಚೂರಿನ ಬಸ್ ನಿಲ್ದಾಣದಲ್ಲಿ ನಾನು ದೇವದುರ್ಗದ ಬಸ್ಸು ಹತ್ತುತ್ತಿದ್ದೆ, ಹೆಂಡತಿ ಮಾನ್ವಿಯ ಬಸ್ಸು ಹತ್ತುತ್ತಿದ್ದಳು. ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಅವಳು ಮಾನ್ವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಲ್ಮಲದವರೆಗೆ ಇಬ್ಬರದೂ ಒಂದೇ ರಸ್ತೆ. ಅಲ್ಲಿಯ ತನಕ ನಾನು ಸುಖವಾಗಿ ಕಿಟಕಿಯಾಚೆ ನೋಡುತ್ತ ಕೂಡುತ್ತಿದ್ದೆ. ಕಲ್ಮಲದಲ್ಲಿ ರಸ್ತೆ ಬೇರೆಯಾಯಿತೋ, ನನ್ನ ದೇಹ ದೇವದುರ್ಗದ ಕಡೆ ಹೋಗುತ್ತಿತ್ತು, ಜೀವ ಮಾನ್ವಿಯ ಬಸ್ಸು ಹತ್ತಿಬಿಡುತ್ತಿತ್ತು.

ಎಂಟೂವರೆಗೆ ಮೊದಲ ಫೋನು.

"ಮುಟ್ಟಿದೇನು?"

"ಮುಟ್ಟೀನ್ರಿ."

ಹತ್ತಕ್ಕೆ ಮತ್ತೆ. "ಏನಿಲ್ಲ, ಸುಮ್ನ ಮಾಡಿದೆ." ಊಟದ ಹೊತ್ತಿಗೆ ಒಂದು, ಮೂರು ಗಂಟೆಗೆ ಒಂದು. ಸಂಜೆ ಅವಳು ಬಸ್ ನಿಲ್ದಾಣಕ್ಕೆ ಬಂದಾಗ, ಬಸ್ ಹತ್ತಿದಾಗ, ಆಮೇಲೆ ಕಿಟಕಿ ಪಕ್ಕದ ಸೀಟು ಸಿಕ್ಕಿತೋ ಇಲ್ಲವೋ ಎಂದು ಕೇಳಲು ಇನ್ನೊಂದು. ಸಿಕ್ಕರೆ ಒಂದು ಚಿಂತೆ, ಸಿಗದಿದ್ದರೆ ಬೇರೊಂದು.

ಇದು ಶುರುವಾದದ್ದು ಒಂದು ಸಂಜೆ ಅವಳ ಬಸ್ಸು ದಾರಿಯಲ್ಲಿ ಕೆಟ್ಟು, ಫೋನಿನ ಚಾರ್ಜು ಮುಗಿದು, ಅವಳು ಎರಡು ತಾಸು ತಡವಾಗಿ ಮನೆಗೆ ಬಂದಾಗ. ಅವಳಿಗೆ ಏನೂ ಆಗಿರಲಿಲ್ಲ. ಪಕ್ಕದ ಸೀಟಿನವರು ಕೊಟ್ಟ ಹುರಿದ ಶೇಂಗಾ ತಿನ್ನುತ್ತ ಆರಾಮವಾಗಿ ಬಂದಳು. ಆದದ್ದೆಲ್ಲ ನನಗೆ. ಆ ಎರಡು ತಾಸಿನಲ್ಲಿ ನಾನು ಅವಳ ಬಸ್ಸನ್ನು ಎಷ್ಟು ಸಲ ಉರುಳಿಸಿದ್ದೆನೋ ಲೆಕ್ಕವಿಲ್ಲ. ಮರುದಿನದಿಂದ ಅದು ತಾನಾಗಿಯೇ ಉರುಳತೊಡಗಿತು. ಇಪ್ಪತ್ತೆರಡು ವರ್ಷದಿಂದ ಹತ್ತನೇ ತರಗತಿಗೆ ಸಂಭವನೀಯತೆಯ ಪಾಠ ಮಾಡುತ್ತಿರುವವನು ನಾನು. ಚೀಲದಲ್ಲಿ ಇಷ್ಟು ಕೆಂಪು ಚೆಂಡು, ಇಷ್ಟು ನೀಲಿ ಚೆಂಡು, ಕಣ್ಣು ಮುಚ್ಚಿ ಕೈ ಹಾಕಿದರೆ ಯಾವುದು ಬಂದೀತು ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಹೆಂಡತಿ ಹತ್ತಿದ ಬಸ್ಸಿನ ಮಟ್ಟಿಗೆ ಮಾತ್ರ ನನ್ನ ಚೀಲದಲ್ಲಿ ಇದ್ದದ್ದೆಲ್ಲ ಕೆಂಪು ಚೆಂಡೇ.

ಆರು ತಿಂಗಳು ಅವಳು ಸಹಿಸಿದಳು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ರೀ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಿಮಗ ನನ್ನ ಮ್ಯಾಲ ಸಂಶಯ ಏನ್ರಿ?"

"ಸಂಶಯ? ಎಂಥಾ ಸಂಶಯ?"

"ವಾರ್ಡಿನ್ಯಾಗ ನನ್ನ ಫೋನ್ ಬಡ್ಕೊಂಡ್ರ ಸಾಕು, 'ಸಿಸ್ಟರ್, ನಿಮ್ಮ ಸಿಸಿಟಿವಿ ಬಂತು ನೋಡ್ರಿ' ಅಂತಾರ ಎಲ್ಲಾರೂ. ಮೊನ್ನಿ ಒಂದು ಮುದುಕಿಗೆ ಇಂಜೆಕ್ಷನ್ ಮಾಡಾಕತ್ತಿದ್ದೆ, ಆ ಮುದುಕಿನೂ ನಗಾಕತ್ತಿದ್ಲು. ನಲವತ್ತೇಳು ಆತು ನನಗ. ಈಗ ಯಾರ ಜೋಡಿ ಓಡಿ ಹೋಗ್ಲಿ ಅಂತೀರಿ?"

ಆಗಲೇ ನಿಜ ಹೇಳಬಹುದಿತ್ತು. ಆದರೆ ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡುವಂತಿಲ್ಲ. ಯಾರಾದರೂ ಆಡಿಬಿಟ್ಟರೆ ಎದುರಿಗಿದ್ದವರು "ಬಿಡ್ತು ಅನ್ರಿ" ಎನ್ನುತ್ತಾರೆ, ಆಡಿದವರು "ಬಿಡ್ತು" ಎನ್ನಲೇಬೇಕು. 'ನಿನ್ನ ಬಸ್ಸು ನನ್ನ ತಲೆಯೊಳಗೆ ದಿನಕ್ಕೆ ಹತ್ತು ಸಲ ಉರುಳುತ್ತದೆ' ಎಂದು ಸಂಜೆ ದೀಪ ಹಚ್ಚಿದ ಮನೆಯಲ್ಲಿ ಹೆಂಡತಿಗೆ ಹೇಗೆ ಹೇಳುವುದು? ಹೇಳಿದ್ದರಿಂದಲೇ ಆಗಿಬಿಟ್ಟರೆ? ಗಣಿತದ ಮಾಸ್ತರನಿಗೆ ಇಂಥ ನಂಬಿಕೆ ಇರಬಾರದು, ಗೊತ್ತು. ಬಾಯಿ ಮಾತ್ರ ಬರಲಿಲ್ಲ.

ನನ್ನ ಮೌನವನ್ನು ಅವಳು ಉತ್ತರವೆಂದೇ ತಿಳಿದಳು.

"ಆತು ಬಿಡ್ರಿ. ಆಸ್ಪತ್ರಿ ಕ್ವಾರ್ಟರ್ಸಿಗೆ ಅರ್ಜಿ ಕೊಟ್ಟೀನಿ. ಒಂದು ಮನಿ ಖಾಲಿ ಆಗ್ತದಂತ. ಸಿಕ್ಕ ಮ್ಯಾಲ ಅಲ್ಲೇ ಇರ್ತೀನಿ, ಐತವಾರಕ್ಕೊಮ್ಮೆ ಬರ್ತೀನಿ. ಅಲ್ಲಿ ತನಕ ದಿನಕ್ಕ ಒಂದ ಫೋನು. ಎರಡನೇದು ಮಾಡಿದ್ರ ನಾ ಎತ್ತಂಗಿಲ್ಲ."

ಮಗಳು ಓದಲು ಹೋಗಿ ಹಾಸ್ಟೆಲಿನಲ್ಲಿದ್ದಳು. ಇದ್ದವರು ನಾವಿಬ್ಬರೇ. ಅವಳೂ ಮಾನ್ವಿಗೆ ಹೋದರೆ ಆ ಮನೆಯಲ್ಲಿ ನಾನು, ನನ್ನ ಚಿಂತೆ ಇಬ್ಬರೇ ರೊಟ್ಟಿ ತಿನ್ನಬೇಕಾಗುತ್ತಿತ್ತು. ಮನೆ ಖಾಲಿಯಾಗುವ ಮೊದಲು ನಾನು ಸರಿಯಾಗಬೇಕಿತ್ತು.

ಎದೆ ಡವಗುಟ್ಟುತ್ತದೆ ಎಂದು ಹೇಳಿಕೊಂಡು ರಾಯಚೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಎಲ್ಲ ನೋಡಿ, ಹೃದಯ ಚೆನ್ನಾಗಿದೆ, ಯಾರಾದರೂ ಆಪ್ತಸಮಾಲೋಚಕರ ಹತ್ತಿರ ಮಾತಾಡಿ ಎಂದರು. ಒಬ್ಬರ ವಿಳಾಸವನ್ನೂ ಕೊಟ್ಟರು. ಹೋಗಿ ನೋಡಿದರೆ ಹೊರಗಿನ ಬೆಂಚಿನ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಒಟ್ಟಿಗೇ "ಇಲ್ಲಿ ಪಕ್ಕದಾಗ ಕೆಲಸ ಇತ್ರಿ" ಎಂದೆವು. ನಾನು ನಿಜವಾಗಿಯೂ ಪಕ್ಕಕ್ಕೆ ಹೋಗಿ, ಬೇಡವಾಗಿದ್ದ ಒಂದು ಬಕೆಟ್ಟು ಕೊಂಡು ಮನೆಗೆ ಬಂದೆ. ಹೀಗೆ ಆನ್‌ಲೈನ್ ಸಮಾಲೋಚನೆಯ ದಾರಿ ಹಿಡಿದದ್ದು.

ಇಲ್ಲಿ ನನ್ನ ಸ್ವಭಾವ ಪೂರ್ತಿ ಕೈಕಾಲು ಚಾಚಿತು. ಚಿಂತೆ ಕಡಿಮೆ ಮಾಡಿಕೊಳ್ಳಲು ಹೊರಟವನಿಗೆ ಹೊಸದೊಂದು ಚಿಂತೆ ಸಿಕ್ಕಿತು: ನಾನು ಆಡಿದ ಮಾತು ಎಲ್ಲಿಗೆ ಹೋಗುತ್ತದೆ? ಗಾಳಿಯಲ್ಲಿ ಹೋಗುವಾಗ ಯಾರಾದರೂ ಕೇಳಿಸಿಕೊಂಡರೆ? ನಿಜ ಹೇಳಬೇಕೆಂದರೆ ಇದು ಚಿಂತೆಗಿಂತ ಹೆಚ್ಚಾಗಿ ಕುತೂಹಲ. ಬಹಳ ದಿನಗಳ ಮೇಲೆ ತಲೆ ಬಸ್ಸು ಬಿಟ್ಟು ಬೇರೆ ಕಡೆ ಓಡತೊಡಗಿತ್ತು. ಆ ಸೇವೆಯವರ ಗೌಪ್ಯತಾ ನೀತಿ ಎಂಬ ಬರಹವನ್ನು ಮೊದಲಿಂದ ಕೊನೆಯವರೆಗೆ ಓದಿದ ಮನುಷ್ಯ ನಾನೊಬ್ಬನೇ ಇರಬೇಕು. ಇಂಗ್ಲಿಷಿನಲ್ಲಿತ್ತು. ಶಾಲೆಯ ಇಂಗ್ಲಿಷ್ ಮಾಸ್ತರರನ್ನು ಕೇಳಿದರೆ ಯಾಕೆ ಎನ್ನುತ್ತಾರೆ. ನಿಘಂಟು ಹಿಡಿದು ಕೂತು, ಕೆಂಪು ಪೆನ್ನಿನಿಂದ ಪ್ರಶ್ನೆ ಬರೆದುಕೊಂಡೆ. ಹದಿನಾಲ್ಕು ಆದವು. ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ತಂದೆ. ಫೋನಿಗೆ ಆರಂಕಿಯ ಬೀಗ ಹಾಕಿದೆ. ಸಂದೇಶ ಬಂದರೆ ಪರದೆಯ ಮೇಲೆ ಕಾಣಬಾರದೆಂದು ಮಾಡಿದೆ. ಅದೂ ಸಾಲದೆ ಫೋನನ್ನು ಬೋರಲು ಇಡತೊಡಗಿದೆ.

"ಫೋನ್ ಉಲ್ಟಾ ಯಾಕ ಇಡಾಕತ್ತೀರಿ?" ಹೆಂಡತಿ ಕೇಳಿದಳು.

"ಗಾಜಿಗೆ ಧೂಳು ಕೂಡ್ತದ."

"ಹತ್ತು ವರ್ಷದಿಂದ ಕೂಡದ ಧೂಳು?" ಅಷ್ಟೇ ಅಂದಳು. ಆದರೆ ಅವಳು ನೋಡಿದ ನೋಟದಲ್ಲಿ, ಈಗ ಸಂಶಯಪಡುವ ಸರದಿ ಅವಳದಾಗಿತ್ತು.

ಶನಿವಾರ ನನಗೆ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದರೆ ಅವಳು ಬರುವುದು ಸಂಜೆ ಆರರ ಮೇಲೆ. ಹಾಗಾಗಿ ಶನಿವಾರ ಮೂರು ಗಂಟೆಗೆ ಮೊದಲ ಮಾತುಕತೆ ಗೊತ್ತಾಯಿತು. ಅದಕ್ಕೆ ಮೊದಲು ಒಂದು ಉದ್ದ ಫಾರ್ಮ್ ತುಂಬಬೇಕಿತ್ತು. ನಿದ್ದೆ ಎಷ್ಟು, ಯಾವ ಯೋಚನೆ ಹೆಚ್ಚು ಕಾಡುತ್ತದೆ, ಮನೆಯವರೊಂದಿಗೆ ಸಂಬಂಧ ಹೇಗಿದೆ. ಜೀವನದಲ್ಲಿ ಯಾರೂ ಇಷ್ಟು ಪ್ರೀತಿಯಿಂದ ಇವನ್ನೆಲ್ಲ ಕೇಳಿರಲಿಲ್ಲ, ಹಾಗಾಗಿ ಪ್ರಬಂಧವನ್ನೇ ಬರೆದೆ.

ಪರದೆಯ ಮೇಲೆ ಬಂದ ಆಪ್ತಸಮಾಲೋಚಕಿ ನನಗಿಂತ ಹತ್ತು ವರ್ಷ ಚಿಕ್ಕವರು. ಮೈಸೂರು ಕಡೆಯ ಮಾತು.

"ನಮಸ್ಕಾರ ಸರ್. ಶುರು ಮಾಡೋ ಮುಂಚೆ ಒಂದೆರಡು ವಿಷಯ ಹೇಳಬೇಕು."

"ಅದಕ್ಕ ಮೊದಲ ನನ್ನವು ಹದಿನಾಲ್ಕು ಪ್ರಶ್ನಿ ಅದಾವ್ರಿ ಮೇಡಮ್."

ಅವರು ನಗಲಿಲ್ಲ. ಕೇಳಿ ಎಂದರು.

"ಇದು ರೆಕಾರ್ಡ್ ಆಗ್ತದೇನ್ರಿ?"

"ಇಲ್ಲ ಸರ್. ನೀವೂ ಮಾಡಬೇಡಿ."

"ನೀವು ಬರ್ಕೊಂಡಿದ್ದು ಯಾರು ಓದ್ತಾರ?"

"ನಾನು. ನನಗೆ ದಾರಿ ತೋಚದೆ ಇದ್ದರೆ ನನಗಿಂತ ಹಿರಿಯರೊಬ್ಬರನ್ನ ಕೇಳ್ತೀನಿ, ನಿಮ್ಮ ಹೆಸರು ಹೇಳದೆ."

"ಬ್ಯಾರೇದವರಿಗೆ ಹೇಳೋ ಪ್ರಸಂಗ ಅದ ಏನು?"

"ಇದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದಾಗ, ಇಲ್ಲಾ ಕಾನೂನು ಪ್ರಕಾರ ಹೇಳಲೇಬೇಕಾದಾಗ. ಆಗಲೂ ಎಷ್ಟು ಬೇಕೋ ಅಷ್ಟೇ."

"ಈಗ ನಿಮ್ಮ ಹಿಂದ ಯಾರ ಅದಾರ?"

"ಗೋಡೆ ಇದೆ ಸರ್," ಎಂದು ಫೋನನ್ನು ಸುತ್ತ ತಿರುಗಿಸಿ ತೋರಿಸಿದರು. ಒಂದು ಗೋಡೆ, ಒಂದು ನೀರಿನ ಬಾಟಲಿ, ಮುಚ್ಚಿದ ಬಾಗಿಲು. ಬಾಗಿಲಿನ ಕೆಳಗಿನ ಸಂದಿಗೆ ಒಂದು ಟವೆಲ್ ತುರುಕಿತ್ತು.

"ಅದ್ಯಾಕ್ರಿ ಟವೆಲ್?"

"ನಿಮ್ಮ ಮಾತು ಹೊರಗೆ ಹೋಗಬಾರದು ಅಂತ."

ಆ ಟವೆಲ್ ನೋಡಿ ಅವರ ಮೇಲೆ ನನಗೆ ಬಂದ ವಿಶ್ವಾಸವನ್ನು ಆ ಇಂಗ್ಲಿಷ್ ನೀತಿ ತಂದಿರಲಿಲ್ಲ.

ಆಮೇಲೆ ಅವರ ಸರದಿ. ನಾನು ಎಲ್ಲಿ ಕೂತಿದ್ದೇನೆ, ಪಕ್ಕದಲ್ಲಿ ಯಾರಿದ್ದಾರೆ, ನನ್ನ ಫೋನು ಬೇರೆ ಯಾರು ತೆಗೆಯುತ್ತಾರೆ. ತುರ್ತಿಗೆ ಒಂದು ನಂಬರು ಬೇಕಿತ್ತು, ನಾನು ನನ್ನದೇ ಎರಡನೇ ಸಿಮ್ಮಿನ ನಂಬರು ಕೊಟ್ಟಿದ್ದೆ. "ನಿಮಗೆ ತಲೆ ಸುತ್ತಿ ಬಿದ್ದರೆ ನಿಮಗೇ ಫೋನ್ ಮಾಡಬೇಕಾ ಸರ್?" ಎಂದರು. ಕೊನೆಗೆ, "ಫಾರ್ಮಲ್ಲಿ ಬರೆದ ಉತ್ತರಗಳ ಒಂದು ಪ್ರತಿ ನಿಮ್ಮ ಮೇಲ್‌ಗೆ ಬಂದಿರುತ್ತೆ. ಆ ಮೇಲ್ ನೀವೊಬ್ಬರೇ ನೋಡೋದು ತಾನೇ?"

"ಮೇಡಮ್, ಅದನ್ನ ನಾನೂ ನೋಡಂಗಿಲ್ರಿ," ಎಂದೆ ಹೆಮ್ಮೆಯಿಂದ.

"ಹಾಗಾದರೆ ಇವತ್ತೇ ಒಮ್ಮೆ ತೆಗೆದು ನೋಡಿ, ಪಾಸ್‌ವರ್ಡ್ ಬದಲಾಯಿಸಿಬಿಡಿ ಸರ್."

ನೋಟ್‌ಬುಕ್ಕಿನಲ್ಲಿ ಹದಿನೈದನೆಯದಾಗಿ ಅದನ್ನೂ ಬರೆದುಕೊಂಡೆ. ಬರೆದುಕೊಂಡರೆ ಕೆಲಸ ಮುಗಿದಂತೆ ಎಂಬುದು ನನ್ನ ಹಳೆಯ ಕಾಯಿಲೆ.

ಆ ದಿನ ಮಾತಿನ ನಡುವೆ ಒಂದು ವಿಚಿತ್ರ ಗಮನಕ್ಕೆ ಬಂತು. ನಮ್ಮದು ಬಾಡಿಗೆ ಮನೆ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆ ಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಖಾಲಾ ಎಂದೇ ಕರೆಯುತ್ತದೆ. ನಾನು ಬಾಯಿ ತೆರೆದರೆ ಅವರ ಟಿವಿಯ ಸದ್ದು ಇಳಿಯುತ್ತಿತ್ತು, ಸುಮ್ಮನಾದರೆ ಏರುತ್ತಿತ್ತು. ಮೂರು ಸಲ ಪರೀಕ್ಷೆ ಮಾಡಿ ನೋಡಿದೆ. ಮೂರೂ ಸಲ ಹಾಗೇ.

ಸಮಾಲೋಚಕಿ ಒಂದು ಉಪಾಯ ಹೇಳಿದರು. ಯಾರಾದರೂ ಹತ್ತಿರ ಬಂದರೆ ನೇರವಾಗಿ ಹೇಳಲಾಗುವುದಿಲ್ಲ, ಅದಕ್ಕೊಂದು ಗುರುತಿನ ಮಾತು ಇಟ್ಟುಕೊಳ್ಳೋಣ ಎಂದರು; ಅದು ಕೇಳಿದ ಕೂಡಲೇ ತಾವು ಸುಮ್ಮನಾಗುವುದಾಗಿ ಹೇಳಿದರು. ನಾನು ಬಹಳ ಯೋಚಿಸಿ, ಯಾರಿಗೂ ಅನುಮಾನ ಬಾರದ ಮಾತೊಂದನ್ನು ಆರಿಸಿದೆ: ಈ ಸಲ ಬಿಳಿಜೋಳ ಚಲೋ ಬಂದದ.

ಎರಡನೇ ಶನಿವಾರ ಮಾಳಿಗೆಗೆ ಹೋದೆ. ನೀರಿನ ಟಾಕಿಯ ನೆರಳಿನಲ್ಲಿ ಕೂತು, ಮೊದಲ ಸಲ ಆ ಬಸ್ಸಿನ ಸಂಗತಿಯನ್ನು ಬಾಯಿಬಿಟ್ಟು ಹೇಳತೊಡಗಿದೆ. ಅದು ಹೇಗೆ ಓಲುತ್ತದೆ, ಅವಳ ಊಟದ ಡಬ್ಬಿ ಹೇಗೆ ರಸ್ತೆಯ ಮೇಲೆ ಉರುಳುತ್ತದೆ. ಸಮಾಲೋಚಕಿ "ಬಿಡ್ತು ಅನ್ನಿ" ಎನ್ನಲಿಲ್ಲ. "ಆಮೇಲೆ?" ಎಂದರು. ಆ ಒಂದು ಮಾತಿಗೆ ನಾನು ಮುಂದಿನದನ್ನೂ ಹೇಳಿದೆ. ಅಷ್ಟರಲ್ಲಿ ಪಕ್ಕದ ಮಾಳಿಗೆಯ ಮೇಲೆ ಖಾಲಾ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಪ್ರತ್ಯಕ್ಷ.

"ಮೇಡಮ್, ಈ ಸಲ ಬಿಳಿಜ್ವಾಳ ಭಾಳ ಚಲೋ ಬಂದದ್ರಿ!"

ಸಮಾಲೋಚಕಿ ಒಪ್ಪಂದದಂತೆ ಸುಮ್ಮನಾದರು. ಖಾಲಾ ಸುಮ್ಮನಾಗಲಿಲ್ಲ.

"ಅರೇ ಮಾಸ್ತರ್, ಯಾವೂರ ಜ್ವಾಳ?"

"ಬಾಗಲವಾಡದ್ದು ಖಾಲಾ, ನಮ್ಮ ಸಂಬಂಧಿಕರ ಹೊಲದ್ದು."

"ನಮಗೂ ಒಂದು ಚೀಲ ಹೇಳ್ ಬೇಟಾ. ಸಂತಿ ಜ್ವಾಳದಾಗ ಬರೇ ಕಲ್ಲು-ಹಳ್ಳು." ಬಟ್ಟೆ ಹಿಂಡುತ್ತ ನನ್ನ ಮುಖ ನೋಡಿದರು. "ಜ್ವಾಳದ ಮಾತಾಡಾಕ ಕಣ್ಣಾಗ ನೀರ್ ಯಾಕ?"

"ಬಿಸಿಲು ಖಾಲಾ."

"ಹಾಂ, ಬಿಸಿಲು ಅದ," ಎಂದು ಅವರು ಬಟ್ಟೆ ಹರವದೆಯೇ ಬುಟ್ಟಿ ಎತ್ತಿಕೊಂಡು ಇಳಿದು ಹೋದರು. ನನಗೆ ಒಂದು ಚೀಲ ಜೋಳ ತರಿಸುವ ಕೆಲಸ ಬಿತ್ತು, ನಿಜ. ಆದರೆ ಮೂರನೇ ಶನಿವಾರ ನಾನು ಕೋಣೆಯ ಗೋಡೆಗೆ ಹತ್ತಿಯ ಗಾದಿ ಒರಗಿಸಿ ಮಾತಿಗೆ ಕೂತಾಗ, ಆಚೆ ಟಿವಿ ಜೋರಾಗಿ ಒದರುತ್ತಲೇ ಇತ್ತು. ಒಂದು ಸಲವೂ ಇಳಿಯಲಿಲ್ಲ.

ಆ ಶನಿವಾರ ಮಾತು ಮುಗಿಸಿ, ಗಾದಿ ಮಡಚಿಟ್ಟು, ಚಹಾ ಕಾಸಿಕೊಂಡು ಕೂತಿದ್ದೆ. ಐದು ಗಂಟೆಗೆ ಫೋನು. ಮಾನ್ವಿ ಬಸ್ ನಿಲ್ದಾಣದ ಎದುರಿಗೆ ಆನ್‌ಲೈನ್ ಸೆಂಟರ್ ಇಟ್ಟಿರುವ ಭಾಯ್.

"ಸಲಾಂ ಸರ್. ನಿಮ್ದು ಮೇಲ್ ಬಂದಿತ್ರಿ, ಪ್ರಿಂಟ್ ತಗದೀನಿ. ನಾಕು ಹಾಳಿ ಅದಾವ."

"ಯಾವ ಮೇಲ್ ಭಾಯ್?"

"ಏನೋ ಫಾರ್ಮ್ ನೋಡ್ರಿ. ನಿದ್ದಿ ಎಷ್ಟು ತಾಸು, ಊಟ ಹೆಂಗ... ಇನ್ಶೂರೆನ್ಸ್ ಇರಬೇಕು ಅಂದ್ಕೊಂಡೆ."

ಚಹಾದ ಲೋಟ ಕೆಳಗಿಟ್ಟೆ. "ಭಾಯ್, ಅದನ್ನ ಅಲ್ಲೇ ಇಡ್ರಿ. ನಾ ಬರ್ತೀನಿ. ಯಾರ ಕೈಯಾಗೂ ಕೊಡಬ್ಯಾಡ್ರಿ."

"ಅರೇ ಸರ್, ನಿಮಗ್ಯಾಕ ತ್ರಾಸು ಅಂತ ಕವರ್‌ನ್ಯಾಗ ಹಾಕಿ ಮೇಡಮ್ಮಾರ ಕೈಯಾಗೇ ಕೊಟ್ಟು ಬಿಟ್ಟೀನಿ. ಬಸ್ ಈಗ ಬಿಡ್ತು ನೋಡ್ರಿ."

ತಪ್ಪು ಅವನದಲ್ಲ. ದೇವದುರ್ಗಕ್ಕೆ ವರ್ಗವಾಗುವ ಮೊದಲು ನಾನು ಎಂಟು ವರ್ಷ ಮಾನ್ವಿಯಲ್ಲೇ ಇದ್ದೆ. ಆಗ ಇಲಾಖೆಯವರು ಎಲ್ಲರಿಗೂ ಮೇಲ್ ವಿಳಾಸ ಬೇಕೆಂದಾಗ, ಮಾನ್ವಿಯ ಅರ್ಧ ಊರಿನಂತೆ ನಾನೂ ಭಾಯ್ ಹತ್ತಿರ ಮಾಡಿಸಿದ್ದೆ. ಅವನೇ ಪಾಸ್‌ವರ್ಡ್ ಇಟ್ಟ, ತನ್ನ ಉದ್ದ ರಿಜಿಸ್ಟರಿನಲ್ಲಿ ಬರೆದುಕೊಂಡ. ಹದಿನೈದು ದಿನಕ್ಕೊಮ್ಮೆ ಗಿರಾಕಿಗಳ ಮೇಲ್‌ಗಳನ್ನೆಲ್ಲ ತೆಗೆದು, ಮುಖ್ಯ ಅನ್ನಿಸಿದ್ದನ್ನು ಪ್ರಿಂಟ್ ಮಾಡಿ, ಕಂದು ಕವರಿಗೆ ಹಾಕಿ, ಆ ಕಡೆ ಹೋಗುವ ಗುರುತಿನವರ ಕೈಯಲ್ಲಿ ಬಸ್ಸಿಗೆ ಕಳಿಸುವುದು ಅವನ ಪದ್ಧತಿ. ಅರಕೇರಾದ ಒಬ್ಬ ಹುಡುಗಿಯ ಸಂದರ್ಶನದ ಪತ್ರವನ್ನು ಹೀಗೆ ಮುಟ್ಟಿಸಿ, ಅವಳಿಗೆ ನೌಕರಿ ಸಿಕ್ಕ ಕಥೆಯನ್ನು ಅವನೇ ಹತ್ತಾರು ಸಲ ಹೇಳಿದ್ದಾನೆ. ನಾವೆಲ್ಲ ಅದನ್ನು ಉಪಕಾರ ಎನ್ನುತ್ತಿದ್ದೆವು. ಆರಂಕಿಯ ಬೀಗ ಹಾಕಿ, ನೀತಿ ಓದಿ, ಹದಿನಾಲ್ಕು ಪ್ರಶ್ನೆ ಕೇಳಿ, ಗೋಡೆಗೆ ಗಾದಿ ಒರಗಿಸಿದ ಮನುಷ್ಯ ಫಾರ್ಮಿನಲ್ಲಿ ಬರೆದದ್ದು ಬಾಯಿಪಾಠವಾಗಿದ್ದ ಅದೇ ವಿಳಾಸವನ್ನು.

ಮಾನ್ವಿಯಿಂದ ರಾಯಚೂರಿಗೆ ಸುಮಾರು ಒಂದು ತಾಸು. ಆ ದಿನದ ಒಂದು ಫೋನನ್ನು ಬೆಳಿಗ್ಗೆಯೇ ಮಾಡಿಬಿಟ್ಟಿದ್ದೆ. ಎರಡನೆಯದನ್ನು ಅವಳು ಎತ್ತಿದರೂ ಏನು ಹೇಳಲಿ? ಕವರ್ ತೆಗೆಯಬೇಡ ಎಂದರೆ ಯಾವ ಹೆಂಡತಿ ತೆಗೆಯದೆ ಬಿಟ್ಟಾಳು? ಮೂರು ವಾರದಿಂದ ಬೋರಲು ಬಿದ್ದ ಫೋನು ನೋಡುತ್ತಿರುವವಳು. ಕವರಿನೊಳಗೆ 'ಮನೆಯವರೊಂದಿಗೆ ಸಂಬಂಧ ಹೇಗಿದೆ' ಎಂಬುದಕ್ಕೆ ನಾನು ಒಂದೂವರೆ ಪುಟ ಬರೆದದ್ದಿತ್ತು. ಅಲ್ಲಿ ಅವಳ ಅಪ್ಪ ಇದ್ದರು, ನನ್ನ ಅವ್ವ ಇದ್ದಳು, ಮದುವೆಯಾದ ಹೊಸತರ ಒಂದು ಜಗಳವಿತ್ತು. ಓದಿದರೆ ಅವಳು ಕ್ವಾರ್ಟರ್ಸ್ ಸಿಗುವ ತನಕವೂ ಕಾಯುವುದಿಲ್ಲ ಅನ್ನಿಸಿತು.

ನಡುಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಡುಮನೆಗೆ ಓಡಾಡಿದೆ. ಆರು ಗಂಟೆಯ ಹೊತ್ತಿಗೆ ಒಂದು ಸಂಗತಿ ಹೊಳೆದು ಅಲ್ಲೇ ನಿಂತೆ. ಇಷ್ಟು ಹೊತ್ತು ಒಂದೇ ಒಂದು ಸಲವೂ ಬಸ್ಸು ಉರುಳಿರಲಿಲ್ಲ. ಅವಳು ಕ್ಷೇಮವಾಗಿ ಕಿಟಕಿ ಪಕ್ಕ ಕೂತು ಸ್ಟೇಪಲ್ ಪಿನ್ನು ಕೀಳುತ್ತಿರುವುದು ಮಾತ್ರ ಕಾಣುತ್ತಿತ್ತು. ಹಾಗಾದರೆ ನನ್ನ ತಲೆಯಲ್ಲಿ ಒಂದೇ ಭಯಕ್ಕೆ ಜಾಗವೇ? ದೊಡ್ಡದು ಬಂದರೆ ಚಿಕ್ಕದು ಎದ್ದು ಹೋಗುತ್ತದೆಯೇ? ಸಾವಿಗಿಂತ ಸ್ಟೇಪಲ್ ಪಿನ್ನು ದೊಡ್ಡದಾದದ್ದು ಹೇಗೆ? ಮುಂದಿನ ಶನಿವಾರ ಕೇಳಬೇಕೆಂದು ನೋಟ್‌ಬುಕ್ಕು ಹುಡುಕುತ್ತಿದ್ದಾಗ ಬಾಗಿಲ ಸದ್ದಾಯಿತು.

ಅವಳು ಚಪ್ಪಲಿ ಬಿಟ್ಟು, ಕವರನ್ನು ಮೇಜಿನ ಮೇಲಿಟ್ಟು, ಕಾಲು ತೊಳೆಯಲು ಹೋದಳು. ಭಾಯ್ ಹೊಡೆದ ನಾಲ್ಕೂ ಪಿನ್ನು ಹಾಗೇ ಇದ್ದವು. ಒಂದು ಮೂಲೆ ಮಾತ್ರ ಬೆವರಿಗೆ ಮೆತ್ತಗಾಗಿತ್ತು, ಬೆರಳು ಅಲ್ಲೇ ಆಡಿದ್ದಂತೆ. ನಾನು ಅದನ್ನೆತ್ತಿ ಚೀಲಕ್ಕೆ ಹಾಕಿಕೊಳ್ಳಬಹುದಿತ್ತು. ಅವಳು ಮುಖ ಒರೆಸುತ್ತ ಬಂದು ಎದುರಿಗೆ ಕೂತಳು.

"ತಗದು ನೋಡಬೇಕಂತ ಕಲ್ಮಲದ ತನಕ ಕೈ ತುರಸ್ತು. ನೋಡಿಲ್ಲ."

"ಯಾಕ ನೋಡ್ಲಿಲ್ಲ?"

"ನೀವು ನನ್ನ ಬೆನ್ನ ಹತ್ತಿದ್ರ ನನಗ ಸಿಟ್ಟು ಬರ್ತದಲ್ರೀ. ನಾನೂ ಹಂಗ ಮಾಡಿದ್ರ ನಿಮಗ ಬಯ್ಯಾಕ ನನಗೇನು ಹಕ್ಕು ಉಳೀತದ?" ಕವರನ್ನು ನನ್ನ ಕಡೆ ಸರಿಸಿ, "ಈಗ ಹೇಳ್ರಿ. ಯಾರಾಕಿ?"

"ಯಾರು?"

"ಮಾಳಿಗಿ ಮ್ಯಾಲ ಕುಂತು ಮೇಡಮ್ ಮೇಡಮ್ ಅಂತ ಮಾತಾಡ್ತೀರಂತಲ್ಲ, ಜ್ವಾಳದ ಮೇಡಮ್."

ಖಾಲಾ ಟಿವಿ ಜೋರು ಮಾಡಿದ್ದರು, ಹೆಂಡತಿಗೆ ಹೇಳುವುದನ್ನು ಬಿಟ್ಟಿರಲಿಲ್ಲ. ನಾನು ಪಿನ್ನು ಕಿತ್ತೆ. ನಾಲ್ಕು ಹಾಳೆಯಲ್ಲಿ ಎರಡನೆಯದನ್ನು ತೆಗೆದು ಅವಳ ಮುಂದಿಟ್ಟೆ. ಉಳಿದ ಮೂರನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಎರಡನೇ ಹಾಳೆಯ ಮೇಲಿದ್ದ ಪ್ರಶ್ನೆ: ನಿಮ್ಮನ್ನು ಅತಿ ಹೆಚ್ಚು ಕಾಡುವ ಯೋಚನೆ ಯಾವುದು? ನನ್ನ ಉತ್ತರ ಇಡೀ ಪುಟ ತುಂಬಿತ್ತು. ಕೊನೆಯ ಸಾಲು: 'ನನ್ನ ಹೆಂಡತಿ ಇದನ್ನು ಸಂಶಯ ಎಂದು ತಿಳಿದಿದ್ದಾಳೆ. ಅವಳ ಮೇಲೆ ನನಗೆ ಸಂಶಯವಿಲ್ಲ. ರಸ್ತೆಯ ಮೇಲಿದೆ.'

ಅವಳು ನಿಧಾನವಾಗಿ ಓದಿದಳು. ಊಟದ ಡಬ್ಬಿ ಉರುಳುವ ಕಡೆ ಬಂದಾಗ, ಹಾಳೆಯಿಂದ ಕಣ್ಣು ತೆಗೆಯದೆಯೇ, "ಬಿಡ್ತು ಅನ್ರಿ" ಎಂದಳು.

"ಬಿಡ್ತು," ಎಂದೆ.

ಕೊನೆ ಮುಟ್ಟಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು. "ಆರು ತಿಂಗಳ, ಆರು ತಿಂಗಳ ನಾ ಏನ ತಿಳ್ಕೊಂಡು ಕುಂತಿದ್ದೆ ಗೊತ್ತೇನ್ರಿ ನಿಮಗ? ಎಲ್ಲಾರ ಮುಂದ ನಗಿಸ್ಕೊಂಡೆ. ಇದನ್ನ ನನಗ ಹೇಳಾಕ ಬರಲಿಲ್ಲ, ಆಕಿ ಯಾರೋ ಊರ ಕಾಣದಾಕಿಗೆ ಹೇಳೀರಿ."

"ಆಕಿ ಬಸ್ ಹತ್ತಂಗಿಲ್ಲಲ್ಲ, ಅದಕ್ಕ ಹೇಳಾಕ ಬಂತು."

ಅವಳು ಆ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಕಿಸೆಯ ಕಡೆ ಕೈ ತೋರಿಸಿದಳು. "ಅವು ಮೂರು?"

"ಅವು ನನ್ನವು."

"ಅದ್ರಾಗ ನಾ ಅದೀನೇನು?"

"ಸ್ವಲ್ಪ."

"ನಮ್ಮಪ್ಪ?"

"ಸ್ವಲ್ಪ."

"ಹೂಂ," ಎಂದು ಎದ್ದಳು. ಎದ್ದವಳು ಎರಡನೇ ಹಾಳೆಯನ್ನು ಮಾತ್ರ ತನ್ನ ಚೀಲದೊಳಗೆ ಇಟ್ಟುಕೊಂಡಳು. ಕ್ವಾರ್ಟರ್ಸಿನ ಅರ್ಜಿಯ ಬಗ್ಗೆ ಕೇಳಿದೆ. "ಅದು ಇರ್ಲಿ. ನೋಡೋಣಂತ," ಎಂದಳು.

ಮರುದಿನ ಐತವಾರ, ಮೊದಲ ಬಸ್ಸಿಗೆ ಮಾನ್ವಿಗೆ ಹೋದೆ.

"ಭಾಯ್, ಇನ್ನ ಮ್ಯಾಲ ನನ್ನ ಮೇಲ್ ಓದಬ್ಯಾಡ್ರಿ."

"ತೌಬಾ, ಓದಿಲ್ರಿ ಸರ್! ಬರೇ ಪ್ರಿಂಟ್ ಮಾಡೀನಿ. ಮೂರನೇ ಹಾಳಿಗೆ ಇಂಕ್ ಕಮ್ಮಿ ಬಿತ್ತು, ಅದಕ್ಕ ಇನ್ನೊಂದು ತಗದೆ."

"ಕೆಟ್ಟಿದ್ದು ಎಲ್ಲಿ?"

ಅವನು ಮೇಜಿನ ಕೆಳಗಿನಿಂದ ಒಂದು ಕಟ್ಟು ಎಳೆದ. ಒಂದು ಮಗ್ಗುಲು ಕೆಟ್ಟ ಹಾಳೆಗಳನ್ನು ಅವನು ಎಸೆಯುವುದಿಲ್ಲ, ಹಿಂಬದಿಯಲ್ಲಿ ಗಿರಾಕಿಗಳಿಗೆ ಮೊದಲು ಒಂದು ಮಾದರಿ ಜೆರಾಕ್ಸ್ ತೆಗೆದು ತೋರಿಸುತ್ತಾನೆ. "ಹುಡುಕ್ಕೊಳ್ರಿ ಸರ್," ಎಂದ. ಹುಡುಕತೊಡಗಿದೆ. ಯಾರದೋ ಸಕ್ಕರೆ ಕಾಯಿಲೆಯ ವರದಿ, ಗಂಡನಿಂದ ಬಿಡುಗಡೆ ಕೇಳಿದ ಯಾರದೋ ಸೋಡಚೀಟಿಯ ಅರ್ಜಿ, ಯಾರೋ ಮಗ ಅಪ್ಪನಿಗೆ ಬರೆದು ಕಳಿಸಿದ ಉದ್ದ ಮೇಲು. ಹಿಂದಿನ ದಿನ ಹೆಂಡತಿ ಒಂದು ತಾಸು ಕವರು ಹಿಡಿದು ಕೂತದ್ದು ನೆನಪಿತ್ತು. ಆದರೂ ಆ ಮಗನ ಮೊದಲ ಎರಡು ಸಾಲು ಓದಿಯೇಬಿಟ್ಟೆ. ಮೂರನೆಯದಕ್ಕೆ ನಾಚಿಕೆ ಬಂತು. ನನ್ನ ಹಾಳೆ ಕಟ್ಟಿನ ನಡುವೆ ಸಿಕ್ಕಿತು. ಅದನ್ನಷ್ಟೇ ಅಲ್ಲ, ಮಗನ ಹಾಳೆಯನ್ನೂ ಹರಿದು ಹಾಕಲು ಭಾಯ್‌ಗೆ ಹೇಳಿದೆ.

"ಹರದ್ರ ನಾ ಜೆರಾಕ್ಸ್ ಯಾವುದ್ರ ಮ್ಯಾಲ ತೋರಸ್ಲಿ ಸರ್?" ಎಂದ. ಆದರೆ ಹರಿದ.

ಪಾಸ್‌ವರ್ಡ್ ಬದಲಾಯಿಸಲು ನನ್ನನ್ನು ತನ್ನ ಕುರ್ಚಿಯ ಮೇಲೆ ಕೂಡಿಸಿ, ದೊಡ್ಡ ಮನುಷ್ಯನ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತ. ಒಟಿಪಿ ಬಂದದ್ದು ಅವನ ಫೋನಿಗೇ. ಗೋಡೆಯ ಕಡೆ ತಿರುಗಿಕೊಂಡೇ, ಅಂಗಡಿಯಲ್ಲಿದ್ದ ಐದಾರು ಜನರಿಗೆ ಕೇಳುವಂತೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿದ. ಆಮೇಲೆ ಆ ನಂಬರನ್ನೂ ಬದಲಾಯಿಸಿದೆ. ಎದ್ದು ಹೊರಡುವಾಗ ರಿಜಿಸ್ಟರು ತೆಗೆದು, "ಹೊಸಾದು ಹೇಳ್ರಿ ಸರ್, ಬರ್ಕೊಂತೀನಿ. ನೀವು ಮರೀತೀರಿ," ಎಂದ.

ಶನಿವಾರಗಳು ಮುಂದುವರಿದವು. ಬಸ್ಸು ಪೂರ್ತಿ ನಿಂತಿಲ್ಲ, ಆದರೆ ದಿನಕ್ಕೆ ಒಂದೆರಡು ಸಲ ಓಲಾಡಿ ಸರಿಹೋಗುತ್ತದೆ. ಉಳಿದ ಮೂರು ಹಾಳೆಯಲ್ಲಿ ಏನಿತ್ತೆಂದು ಹೆಂಡತಿ ಆಮೇಲೆ ಕೇಳಿಲ್ಲ, ನಿಮಗೂ ನಾನು ಹೇಳುವುದಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ಅವಳು ಕೊತ್ತಂಬರಿ ಸೊಪ್ಪು ಸೋಸುತ್ತ ಕೂತಿದ್ದಳು.

"ಆ ಕ್ವಾರ್ಟರ್ಸ್ ಲ್ಯಾಬಿನಾಕಿಗೆ ಕೊಟ್ರು," ಎಂದಳು.

"ನಿನ್ನ ಅರ್ಜಿ ಮೊದಲಿತ್ತಲ್ಲ?"

"ನನ್ನ ಕರದು ಕೇಳಿದ್ರು. ಬ್ಯಾಡ ಅಂದೆ."

ನನ್ನ ಬಾಯಿಯವರೆಗೆ ಒಂದು ಡಜನ್ ಪ್ರಶ್ನೆ ಬಂದವು. ಯಾವತ್ತು ಕೇಳಿದರು? ಕೇಳಿದ ಕೂಡಲೇ ಬೇಡ ಎಂದೆಯೋ, ಯೋಚಿಸಿ ಎಂದೆಯೋ? ನನಗಾಗಿಯೋ, ಅಲ್ಲಿಯ ನೀರು ಸವಳು ಎಂದೋ? ಇಷ್ಟು ದಿನ ಯಾಕೆ ಹೇಳಲಿಲ್ಲ?

ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಇನ್ನೇನರ ಕೇಳೋದದ ಏನ್ರಿ?"

"ಇಲ್ಲ," ಎಂದೆ. "ಆ ಕೊತ್ತಂಬರಿ ಸಿವುಡು ಇತ್ಲಾಗ ಕೊಡು, ನಾ ಸೋಸ್ತೀನಿ."